ನಮ್ಮ ಮಾಡು ಹತ್ತಿ ಹೆಂಚು ಒಡೆದು ಹೋಗುವವರಿಗೆ

ಹೆಂಚಿನ ಮೇಲೆ ನಡೆಯಲು ಬಾರದವರು ದಯವಿಟ್ಟು ಏಣಿ ಮುಟ್ಟಬೇಡಿ. ಇಷ್ಟು ಸಣ್ಣ ಮಾತನ್ನು ಇನ್ನೆಷ್ಟು ವರ್ಷ ಹೇಳಬೇಕು ಸ್ವಾಮಿ? ಡಿಶ್ ಕೂರಿಸುವವರು, ಇಂಟರ್‌ನೆಟ್ ಕೇಬಲ್ ಎಳೆಯುವವರು, ಸೋಲಾರ್ ಹೀಟರಿನ ಪೈಪು ಸರಿ ಮಾಡುವವರು, ಎಲ್ಲರಿಗೂ ನಮ್ಮ ಮನೆಯ ಮಾಡು, ಅಂದರೆ ಹೆಂಚಿನ ಚಾವಣಿ, ಒಂದು ಡಾಂಬರು ರಸ್ತೆ. ಬೂಟುಗಾಲಿನಲ್ಲೇ ಹತ್ತುತ್ತಾರೆ, ಕೆಲಸ ಮುಗಿಸುತ್ತಾರೆ, ದುಡ್ಡು ತೆಗೆದುಕೊಂಡು ಬೈಕು ಹತ್ತಿ ಹೋಗುತ್ತಾರೆ. ಜೂನ್ ತಿಂಗಳಲ್ಲಿ ಬಕೆಟ್ಟು, ಪಾತ್ರೆ ಹಿಡಿದು ಮನೆಯೆಲ್ಲ ಓಡಾಡುವವರು ನಾವು.

ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆಯ ಮಗ್ಗುಲು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆ. ಇಲ್ಲಿ ಮಳೆ ಹಿಡಿಯುವ ಮುಂಚೆ ಹೆಂಚು ಕೈಯಾಡಿಸದೆ ಇದ್ದರೆ ಬದುಕುವಂತಿಲ್ಲ. ಸಾಲುಸಾಲು ಹೆಂಚು ಎತ್ತಿ, ಅದರ ಗೆರೆಗಳಲ್ಲಿ ಕೂತ ಎಲೆ, ದೂಳು, ಒಣಗಿದ ಹಾವಸೆ ಕೆರೆದು ತೆಗೆಯಬೇಕು. ಕಸ ನಿಂತರೆ ನೀರು ಕೆಳಗೆ ಹರಿಯದೆ ಪಕ್ಕದ ಸಂದಿಗೆ ಉಕ್ಕುತ್ತದೆ. ಹೆಂಚು ಕೂರುವ ಮರದ ಪಟ್ಟಿ, ಅಂದರೆ ರೀಪು, ಗೆದ್ದಲು ಹಿಡಿದಿದ್ದರೆ ಬದಲಿಸಬೇಕು, ಎರಡು ಮಾಡು ಸೇರುವಲ್ಲಿನ ತಗಡಿನ ದೋಣಿ ತೂತು ಬಿದ್ದಿದೆಯೇ ನೋಡಬೇಕು. ಇದನ್ನು ಬಲ್ಲವರು ಊರಿಗೆ ಒಬ್ಬಿಬ್ಬರು ಉಳಿದಿದ್ದಾರೆ. ಅದೇ ವಾರಗಳಲ್ಲಿ ಅಡಿಕೆ ತೋಟದವರಿಗೆಲ್ಲ ಕೊಳೆರೋಗದ ಭಯ. ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಲು, ಬೋರ್ಡೋ ದ್ರಾವಣ ಹೊಡೆಯಲು ಎಲ್ಲರಿಗೂ ಆಳು ಬೇಕು. 2025ರಲ್ಲಂತೂ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದು, ಅದರ ಬೆನ್ನಿಗೇ ನಮ್ಮ ಮೇಲೆ ಸುರಿಯಿತು. ಜೂನ್ ಮೊದಲ ವಾರಕ್ಕೆಂದು ಕೆಲಸ ಇಟ್ಟುಕೊಂಡವರ ಮನೆಗಳೆಲ್ಲ ಸೋರಿದವು. ಅಂದಿನಿಂದ ನಾವು ಏಪ್ರಿಲ್‌ನಲ್ಲೇ ಕೈಕಾಲು ಹಿಡಿದು ಆಳು ಕರೆಸುತ್ತಿದ್ದೇವೆ.

ನಮ್ಮ ಮನೆಯ ಹೆಂಚು ಕೈಯಾಡಿಸುವ ಹಿರಿಯರು ಮಾಡಿನ ಮೇಲೆ ಹೇಗೆ ನಡೆಯುತ್ತಾರೆ ಎಂಬುದನ್ನು ಒಮ್ಮೆ ನಿಂತು ನೋಡಬೇಕು. ಬರಿಗಾಲು. ಕೆಳಗೆ ರೀಪು ಹೊತ್ತ ಇಳಿಜಾರು ಮರ, ಅಂದರೆ ಪಕಾಸಿ, ಹೋಗಿರುವ ಗೆರೆಯನ್ನು ಹಿಡಿದು, ಒಂದು ಹೆಂಚಿನ ತುದಿ ಇನ್ನೊಂದರ ಮೇಲೆ ಕೂತಿರುವ ಜಾಗದಲ್ಲಿ ಮಾತ್ರ ಅಂಗಾಲು ಊರುತ್ತಾರೆ. ಅನುಮಾನ ಬಂದರೆ ಹೆಂಚನ್ನು ಸರಿಸಿ ಮರದ ಮೇಲೆಯೇ ಕಾಲಿಡುತ್ತಾರೆ. ವಯಸ್ಸು ಎಪ್ಪತ್ತರ ಹತ್ತಿರ, ಆದರೂ ಅವರು ಇಳಿದು ಬಂದ ಮೇಲೆ ಒಂದು ಹೆಂಚು ಒಡೆದದ್ದನ್ನು ನಾನು ಕಂಡಿಲ್ಲ.

ಈ ವರ್ಷ ಅವರ ಕೆಲಸ ಮುಗಿದು ವಾರ ಕಳೆದಿರಲಿಲ್ಲ, ಡಿಶ್ ತಿರುಗಿಸಲು ಹುಡುಗನೊಬ್ಬ ಬಂದ. ಬೂಟು ಬಿಚ್ಚಪ್ಪ ಎಂದೆ, ಜಾರುತ್ತದೆ ಸರ್ ಎಂದ. ಅವನು ಹೆಂಚಿನ ನಟ್ಟನಡುವೆ ಹೆಜ್ಜೆ ಇಟ್ಟಾಗ ಟಕ್ ಎಂದ ಸದ್ದು ಅಂಗಳದಲ್ಲಿ ನಿಂತ ನನಗೆ ಕೇಳಿಸಿತು. ಕೂಗಿ ಹೇಳಿದರೆ, "ಏನೂ ಆಗಿಲ್ಲ ಸರ್, ಹೆಂಚು ಗಟ್ಟಿ ಇದೆ" ಎಂಬ ಉತ್ತರ. ಹೆಂಚು ಎರಡು ಹೋಳಾಗಿ ಬಿದ್ದರೆ ಕಣ್ಣಿಗೆ ಕಾಣುತ್ತದೆ. ಕೂದಲೆಳೆಯ ಬಿರುಕು ಕಾಣುವುದು ಮಳೆ ಹೊಡೆದ ಮೇಲೆಯೇ. ಅದೂ ಬಿರುಕು ಬಿಟ್ಟ ಕಡೆ ಸೋರುವುದಿಲ್ಲ. ನೀರು ಹೆಂಚಿನ ಅಡಿಗೆ ಅಂಟಿಕೊಂಡು ರೀಪಿಗೆ ಇಳಿದು, ಪಕಾಸಿ ಹಿಡಿದು ಜಾರಿ, ಎಲ್ಲೋ ಮಾರು ದೂರದಲ್ಲಿ ತೊಟ್ಟಿಕ್ಕುತ್ತದೆ. ನಮ್ಮಲ್ಲಿ ತೊಟ್ಟಿಕ್ಕಿದ್ದು ಒಳ್ಳೆಯ ದರ ಬರಲೆಂದು ಅಟ್ಟದಲ್ಲಿ ಇಟ್ಟುಕೊಂಡಿದ್ದ ಅಡಿಕೆ ಚೀಲದ ಮೇಲೆ. ಗೊತ್ತಾಗುವ ಹೊತ್ತಿಗೆ ಕೆಳಗಿನ ಚೀಲಕ್ಕೂ ಬೂಸ್ಟು ಹತ್ತಿತ್ತು.

ಫೋನು ಮಾಡಿದರೆ ಆ ಕಂಪನಿಯವರು, ಸಿಗ್ನಲ್ ಸರಿಯಾಗಿ ಬರುತ್ತಿದೆಯಲ್ಲ, ಮನೆಯ ರಿಪೇರಿ ನಮ್ಮ ಜವಾಬ್ದಾರಿಯಲ್ಲ ಎಂದರು. ಒಡೆದದ್ದು ನಿಮ್ಮ ಹುಡುಗ, ಜವಾಬ್ದಾರಿ ಯಾರದ್ದು ಮತ್ತೆ?

"ಒಂದು ಹೆಂಚು ತಾನೇ" ಎನ್ನುವವರಿಗೂ ಹೇಳಬೇಕಿದೆ. ಒಡೆದ ಹೆಂಚಿನ ಬೆನ್ನಿನಲ್ಲಿ ಅಚ್ಚೊತ್ತಿದ ಹೆಸರಿನ ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ಕಾಲವಾಯಿತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಮೇಲೆ ಕರಾವಳಿಯುದ್ದಕ್ಕೂ ಎದ್ದ ಹೆಂಚಿನ ಕಾರ್ಖಾನೆಗಳಲ್ಲಿ ಬಹುಪಾಲು ಇಂದು ಇಲ್ಲ. ಒಂದೊಂದು ಕಾರ್ಖಾನೆಯ ಅಚ್ಚು ಕೂದಲಷ್ಟು ಹೆಚ್ಚುಕಡಿಮೆ. ಬೇರೆ ಹೆಂಚು ತಂದರೆ ಗೆರೆಗೆ ಗೆರೆ ಕಚ್ಚುವುದಿಲ್ಲ, ಎತ್ತಿಕೊಂಡು ನಿಲ್ಲುತ್ತದೆ, ಆ ಸಂದಿಯಲ್ಲಿ ಎರಚಲು ಹೊಡೆಯುತ್ತದೆ. ಸುರಿಯುವ ಮಳೆಯಲ್ಲಿ ಮಾಡು ಹತ್ತಿ ಎಂದು ಆ ಹಿರಿಯರಿಗೆ ಹೇಳುವ ಧೈರ್ಯ ನನಗಿಲ್ಲ. ಅಟ್ಟದಿಂದಲೇ ಹೆಂಚು ಸ್ವಲ್ಪ ಎತ್ತಿ, ಬಿರುಕಿನ ಅಡಿಗೆ ಅಡಿಕೆ ಹಾಳೆಯ ತುಂಡು ತೂರಿಸಿ ದಿನ ದೂಡುತ್ತಿದ್ದೇವೆ.

ಇದರ ಮೇಲೆ ಬಿಟ್ಟಿ ಸಲಹೆ ಬೇರೆ: ಹೆಂಚು ಕಿತ್ತು ಶೀಟು ಹಾಕಿಸಿ. ಬೇಸಿಗೆಯ ಮಧ್ಯಾಹ್ನ ತಗಡಿನ ಕೆಳಗೆ ಕೂತು ಊಟ ಮಾಡಿ ನೋಡಿ, ಆಷಾಢದ ಮಳೆಯಲ್ಲಿ ಅದರ ಕೆಳಗೆ ಮಲಗಿ ನೋಡಿ. ನಮ್ಮ ಅಜ್ಜನ ಕಾಲದ ಹೆಂಚು ಚೆನ್ನಾಗಿಯೇ ಇದೆ. ಮನೆ ಸೋರುತ್ತಿರುವುದು ಹೆಂಚಿನಿಂದಲ್ಲ, ನಿಮ್ಮ ಬೂಟಿನಿಂದ. ಮಂಗಗಳೂ ಒಡೆಯುತ್ತವೆ, ನಿಜ. ಮಂಗಕ್ಕೆ ಹೇಳಿ ಪ್ರಯೋಜನವಿಲ್ಲ. ಸಂಬಳ ಪಡೆದು ಕೆಲಸಕ್ಕೆ ಬರುವ ಮನುಷ್ಯನಿಗೆ ಕಾಲು ಎಲ್ಲಿಡಬೇಕೆಂದು ಒಂದು ದಿನ ಕಲಿಸಿ ಕಳಿಸಲು ಕಂಪನಿಗಳಿಗೆ ಏನು ಕಷ್ಟ? ಹುಡುಗರನ್ನೂ ಪೂರ್ತಿ ಬೈಯಲಾರೆ. ಹಗ್ಗವಿಲ್ಲ, ಹೇಳಿಕೊಟ್ಟವರಿಲ್ಲ, ಒಂದೇ ದಿನ ಹತ್ತಾರು ಮನೆ ಮುಗಿಸು ಎಂದು ಅಟ್ಟಿರುತ್ತಾರೆ. ಬಿದ್ದರೆ ಅವರ ಸೊಂಟ ಮುರಿಯುತ್ತದೆ, ಕಂಪನಿಯದ್ದಲ್ಲ.

ಮಾಡು ಹತ್ತುವ ಅಗತ್ಯವಾದರೂ ಏನು? ಅಂಗಳದಲ್ಲಿ ಆಕಾಶ ತೆರೆದಿರುವ ಕಡೆ ಕಬ್ಬಿಣದ ಪೈಪು ನೆಟ್ಟರೆ ಡಿಶ್ ಅಲ್ಲಿಯೂ ಕೂರುತ್ತದೆ. ಮೊದಲೇ ಕೇಳಿದ್ದೆ, ನಮ್ಮಲ್ಲಿ ಹಾಗೆ ಮಾಡುವುದಿಲ್ಲ ಎಂದಿದ್ದರು. ಈಗ ಜೋರು ಮಳೆಗೆ ಸಿಗ್ನಲ್ ಹೋಗಿದೆ, ನಾಳೆ ಹುಡುಗನನ್ನು ಕಳಿಸುತ್ತೇವೆ ಎಂದು ಫೋನು ಬಂದಿತ್ತು. ಪೈಪು ತಂದರೆ ಬನ್ನಿ, ಗುಂಡಿ ನಾನೇ ತೋಡಿಸಿಡುತ್ತೇನೆ, ಏಣಿ ಮಾತ್ರ ಕೊಡುವುದಿಲ್ಲ ಎಂದಿದ್ದೇನೆ.