ರ‍್ಯಾಂಪಿನ ತುದಿಯ ಕ್ರೋಟನ್

ಕಾಸರಗೋಡು ಕಡೆಯ ಒಂದು ಸರಕಾರಿ ಕಚೇರಿಗೆ ರ‍್ಯಾಂಪ್ ಇದೆ. ಇಲ್ಲ ಎಂದವರ ಬಾಯಿಗೆ ಹುಳ ಬೀಳಲಿ. ಜಗಲಿ ನೆಲದಿಂದ ಎರಡೂವರೆ ಅಡಿ ಎತ್ತರ. ಒಂದಡಿ ಏರಲು 12 ಅಡಿ ಇಳಿಜಾರು ಎಂಬ ಲೆಕ್ಕದಲ್ಲಿ 30 ಅಡಿ ಬೇಕಿತ್ತು. ಕಂತ್ರಾಟುದಾರರು ಆರರಲ್ಲೇ ಮುಗಿಸಿದ್ದಾರೆ. ಉಳಿದ 24 ಅಡಿ ಬಿಲ್ಲಿನಲ್ಲಿ ಇರಬಹುದು. ಆಟಿಯ ಮಳೆಗೆ ಅದರ ಮೇಲೆ ಹಸಿರು ಪಾಚಿ, ತುದಿಯಲ್ಲಿ ಮೂರು ಕ್ರೋಟನ್ ಚಟ್ಟಿ. ಮೊನ್ನೆ ಒಂದು ಆಡು ಎಲೆಯ ಆಸೆಗೆ ಹತ್ತಲು ನೋಡಿ, ಅರ್ಧದಲ್ಲಿ ಜಾರಿ, ಮೆಟ್ಟಿಲು ಹಿಡಿದು ಹೋಯಿತು.

ನಮ್ಮ ಪಕ್ಕದ ಮನೆಯ ಮಾಸ್ಟ್ರಿಗೆ ಆ ಆಡಿನ ಸೌಕರ್ಯ ಇಲ್ಲ. ಅವರು ಗಾಲಿಕುರ್ಚಿಯಲ್ಲಿದ್ದಾರೆ. ಕನ್ನಡ ಮೇಷ್ಟ್ರಾಗಿದ್ದವರು, ಕಾನೂನನ್ನೂ ವ್ಯಾಕರಣದಂತೆ ಓದಿದರು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 45ನೇ ಕಲಂ ಪ್ರಕಾರ, ನಿಯಮಗಳು ಬಂದ ಐದು ವರ್ಷದೊಳಗೆ ಸಾರ್ವಜನಿಕ ಕಟ್ಟಡಗಳೆಲ್ಲ ಎಲ್ಲರೂ ಒಳಗೆ ಹೋಗುವಂತಿರಬೇಕು. ನಿಯಮ ಬಂದದ್ದು 2017ರ ಜೂನ್. ಗಡುವು ಮುಗಿದದ್ದು 2022ರ ಜೂನ್. ಮಾಸ್ಟ್ರು ಅಚ್ಚಕನ್ನಡದಲ್ಲಿ ದೂರು ಕೊಟ್ಟರು.

ಉತ್ತರ ಮಲಯಾಳದಲ್ಲಿ ಬಂತು. ಕೇರಳದ 1969ರ ಭಾಷಾ ಕಾಯ್ದೆಯಂತೆ ಇಲ್ಲಿನ ಕನ್ನಡಿಗರು ಕನ್ನಡದಲ್ಲಿ ಬರೆದರೆ ಉತ್ತರವೂ ಕನ್ನಡದಲ್ಲೇ ಬರಬೇಕು. ಇರಲಿ, ಅದು ಬೇರೆಯೇ ದೂರು. ಕಾಗದದ ಕೊನೆಗೆ ‘ತೀರ್ಪಾಕ್ಕಿಯಿರಿಕ್ಕುನ್ನು’ ಎಂದಿತ್ತು. ತೀರ್ಪು ಆಯಿತಲ್ಲ ಎಂದು ಮಾಸ್ಟ್ರಿಗೆ ಖುಷಿ. ಸರಕಾರಿ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರದ ಹುಡುಗ ಬಿಡಿಸಿ ಹೇಳಿದ: “ತೀರ್ಪಲ್ಲ ಮಾಸ್ಟ್ರೇ, ಕಡತ ತೀರಿತು ಅಂತ.”

ಕಾರಣ ಓದಿದರೆ ಕೈಮುಗಿಯಬೇಕು. ಸ್ಥಳ ಪರಿಶೀಲನೆ ನಡೆದಿದೆ. ರ‍್ಯಾಂಪ್ ಇದೆ. ಆ ಹೊತ್ತಿಗೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಆದುದರಿಂದ ಅಗತ್ಯ ಕಂಡುಬಂದಿಲ್ಲ. ಕ್ರೋಟನ್ ಚೆನ್ನಾಗಿ ಬೆಳೆದಿರುವುದರಿಂದ ನಿರ್ವಹಣೆಯಲ್ಲೂ ಲೋಪವಿಲ್ಲ. ನೀರಿಲ್ಲದ ಬಾವಿಗೆ ಯಾರೂ ಕೊಡ ತರಲಿಲ್ಲ, ಹಾಗಾಗಿ ಊರಲ್ಲಿ ಬಾಯಾರಿಕೆ ಇಲ್ಲ!

ಮೇಲ್ಮನವಿ ಮೇಲಧಿಕಾರಿಗೆ ಹೋಗಬೇಕು. ಆ ಹುದ್ದೆ ಖಾಲಿ. ಹೆಚ್ಚುವರಿ ಚಾರ್ಜು ಯಾರಿಗೆ ಎಂದರೆ ಮೊದಲ ಆದೇಶಕ್ಕೆ ಸಹಿ ಹಾಕಿದವರಿಗೇ. ಬೆಳಿಗ್ಗೆ ತಾನು ಬರೆದದ್ದನ್ನು ಮಧ್ಯಾಹ್ನ ತಾನೇ ನಿಷ್ಪಕ್ಷಪಾತವಾಗಿ ಓದುವುದು ಸಣ್ಣ ಸಾಧನೆಯಲ್ಲ.

ತಿರುವನಂತಪುರದಲ್ಲಿ ಅಂಗವಿಕಲರ ದೂರು ಕೇಳುವ ರಾಜ್ಯ ಆಯುಕ್ತರಿದ್ದಾರೆ, ಅಲ್ಲಿಗೂ ಬರೆಯಬಹುದು. ಅವರ ಶಿಫಾರಸಿಗೆ ಕಚೇರಿ ಮೂರು ತಿಂಗಳೊಳಗೆ ಉತ್ತರಿಸಬೇಕು. ಒಪ್ಪದಿದ್ದರೆ ಕಾರಣ ತಿಳಿಸಬೇಕು. ಕಾರಣ ಕೊಡುವುದರಲ್ಲಿ ನಮ್ಮ ಕಚೇರಿಗಳು ಎಂದಾದರೂ ಹಿಂದೆ ಬಿದ್ದದ್ದುಂಟೇ? ಕಟ್ಟಡದೊಳಗೆ ಎಲ್ಲರೂ ಹೋಗುವಂತಿರಬೇಕೆಂಬ ಈ ಮಾನದಂಡಗಳು ಬರೀ ಸಲಹೆಯಾದರೆ ಸಾಲದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಹೇಳಿದೆ. ಕ್ರೋಟನ್‌ಗೆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಮಲಯಾಳದಲ್ಲಿ ‘ಭಿನ್ನಶೇಷಿ’, ಹಿಂದಿಯಲ್ಲಿ ‘ದಿವ್ಯಾಂಗ’, ಕನ್ನಡದಲ್ಲಿ ‘ವಿಶೇಷ ಚೇತನ’. ಹೆಸರು ಮೇಲೇರುತ್ತಲೇ ಇದೆ, ಮಾಸ್ಟ್ರು ಅಂಗಳದಲ್ಲೇ ಇದ್ದಾರೆ.

ಮೇಲ್ಮನವಿ ಹಿಡಿದು ಹೋದಾಗ ಗುಮಾಸ್ತರು ಜಗಲಿಯಿಂದಲೇ ಬಗ್ಗಿ ನೋಡಿ, “ನಾಳೆ” ಎಂದರು. ಕನ್ನಡಕ್ಕೂ ಮಲಯಾಳಕ್ಕೂ ಒಂದೇ ಪದ. ಅಕ್ಷಯದ ಹುಡುಗನನ್ನು ಕರೆಯಬೇಕಾಗಲಿಲ್ಲ.