‘ಮೀ ಯೇತೋ’, ‘ಮೀ ಯೇತೇ’, ‘ನಾನು ಬರ್ತೀನಿ’

ಪುಣೆಯಂಥ ಊರಿನ ಚಾರಣದ ವಾಟ್ಸಾಪ್ ಗುಂಪಿಗೆ ಯಾರೋ ಹೊಸದಾಗಿ ಸೇರುತ್ತಾರೆ ಅಂದುಕೊಳ್ಳಿ. ಭಾನುವಾರದ ರಾಜಗಡ ಕೋಟೆಯ ಚಾರಣಕ್ಕೆ ನಾನೂ ಬರ್ತೀನಿ ಅಂತ ಮರಾಠಿಯಲ್ಲಿ ಬರೆಯಬೇಕು. ‘ಮೀ ಪಣ್ ಯೇತೋ’ ಎಂದರೆ ಬರೆದವರು ಗಂಡು, ‘ಮೀ ಪಣ್ ಯೇತೇ’ ಎಂದರೆ ಹೆಣ್ಣು. ಹಿಂದಿಗೆ ಹೊರಳಿದರೂ ಬಿಡುಗಡೆಯಿಲ್ಲ: ‘ಆಊಂಗಾ’ ಇಲ್ಲವೇ ‘ಆಊಂಗೀ’. ತಾನು ಯಾರು ಅನ್ನುವುದನ್ನು ಇನ್ನೂ ಮನೆಯವರಿಗೂ ಹೇಳದವರು, ಎರಡರಲ್ಲಿ ಯಾವುದೂ ಅಲ್ಲ ಅನ್ನುವವರು, ಮೊದಲ ಸಾಲಿನಲ್ಲೇ, ಅದೂ ನೂರಾರು ಅಪರಿಚಿತರ ಎದುರು, ಒಂದನ್ನು ಆರಿಸಲೇಬೇಕು. ಕನ್ನಡದ ಗುಂಪಿನಲ್ಲಿ ‘ನಾನೂ ಬರ್ತೀನಿ’ ಅಂದರೆ ಮುಗಿಯಿತು.

ಹೊರಗೆ ಬಂದು ಬೇರೆ ನುಡಿಗಳ ನಡುವೆ ಬದುಕಿದ ಮೇಲೆಯೇ ನನಗೆ ಇದರ ಬೆಲೆ ತಿಳಿದದ್ದು. ಶಾಲೆಯ ವ್ಯಾಕರಣ ನಾನು, ನೀನು, ತಾನು ಇವನ್ನು ವಾಚ್ಯಲಿಂಗ ಎಂದು ಕರೆಯುತ್ತದೆ. ಅಂದರೆ ಲಿಂಗ ಇರುವುದು ಪದದಲ್ಲಿ ಅಲ್ಲ, ಪದ ಯಾರನ್ನು ತೋರಿಸುತ್ತದೋ ಅವರಲ್ಲಿ. ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತ ಈ ಸಾಲಿಗಿಂತ ಸರಿಯಾದ ಮಾತನ್ನು ಲಿಂಗತ್ವದ ಬಗ್ಗೆ ನಾನು ಓದಿದ್ದು ಕಡಿಮೆ.

ಮರಾಠಿಗೆ ಅನ್ಯಾಯ ಮಾಡಬಾರದು. ಅಲ್ಲೂ ಸಂದುಗಳಿವೆ, ಬೇಕಾದವರು ಅವನ್ನು ಚೆನ್ನಾಗಿಯೇ ಬಳಸುತ್ತಾರೆ. ‘ಯೇತೋ’ ಬದಲು ಭವಿಷ್ಯತ್ತಿನ ‘ಯೇಈನ್’ ಬರೆದರೆ ಲಿಂಗ ಕಾಣುವುದಿಲ್ಲ. ‘ಮೀ ಫೋಟೋ ಕಾಢಲಾ’ (ನಾನು ಫೋಟೋ ತೆಗೆದೆ) ಅಂದಾಗ ಕ್ರಿಯಾಪದ ಫೋಟೋಗೆ ಹೊಂದುತ್ತದೆ, ತೆಗೆದವರಿಗಲ್ಲ. ಎದುರಿಗಿದ್ದವರಿಗೆ ‘ತುಮ್ಹೀ ಆಲಾತ್’ (ನೀವು ಬಂದಿರಿ) ಎಂದರೂ ಲಿಂಗ ಕಾಣುವುದಿಲ್ಲ. ತೊಡಕು ಬರುವುದು ಆ ವ್ಯಕ್ತಿಯ ಬಗ್ಗೆ ಮೂರನೆಯವರಿಗೆ ಹೇಳುವಾಗ. ಎಷ್ಟೇ ಗೌರವ ಕೊಡಿ, ಗಂಡಿಗೆ ‘ತೇ ಆಲೇ’, ಹೆಣ್ಣಿಗೆ ‘ತ್ಯಾ ಆಲ್ಯಾ’. ಅಲ್ಲಿ ಮರ್ಯಾದೆಗೂ ಲಿಂಗ ಬೇಕು. ಕನ್ನಡದಲ್ಲಿ ‘ಅವನು ಬಂದ’, ‘ಅವಳು ಬಂದಳು’ ಎರಡೂ ಒಂದು ಮೆಟ್ಟಿಲು ಏರಿದ ಕೂಡಲೇ ‘ಅವರು ಬಂದರು’ ಆಗುತ್ತವೆ. ಮರ್ಯಾದೆ ಕೊಟ್ಟ ಕ್ಷಣವೇ ಲಿಂಗ ಕಳಚಿ ಬೀಳುತ್ತದೆ. ಇದಕ್ಕಾಗಿ ಯಾರೂ ಹೊಸ ಸರ್ವನಾಮ ಕಟ್ಟಬೇಕಾಗಿಲ್ಲ.

ಇನ್ನೂ ಇದೆ. ‘ಬರಲಿಲ್ಲ’, ‘ಬರಲ್ಲ’, ‘ಬರಬೇಕು’, ‘ಬರಬಹುದು’, ‘ಬರಲಿ’, ಇವು ಯಾವುದರಲ್ಲೂ ಲಿಂಗವಿಲ್ಲ. ‘ಗೊತ್ತು’, ‘ಇಷ್ಟ’, ‘ಬೇಕು’, ‘ಬೇಡ’ ಹಾಗೆಯೇ. ‘ನಿನ್ನೆ ಬಂದ ವ್ಯಕ್ತಿ’, ‘ಹಾಡುವ ವ್ಯಕ್ತಿ’, ‘ಓದಿದ ವ್ಯಕ್ತಿ’ ಅನ್ನುವಾಗಿನ ‘ಬಂದ’, ‘ಹಾಡುವ’, ‘ಓದಿದ’ ಎಂಬ ಕೃದಂತಗಳಲ್ಲೂ ಇಲ್ಲ. ಲೇಖಕ, ಲೇಖಕಿ ಎಂಬ ಜೋಡಿಯ ಎದುರು ‘ಬರೆದವರು’ ಸಿದ್ಧವಾಗಿ ನಿಂತಿದೆ. ‘ಒಬ್ಬ’, ‘ಒಬ್ಬಳು’ ಬೇಡವಾದರೆ ‘ಒಬ್ಬರು’. ಕರೆಯುವುದಕ್ಕೆ ‘ರೀ’ ಇದೆ: ಬನ್ರೀ, ಹೇಳ್ರೀ. ಹೆಸರಿನ ಮುಂದೆ ‘ಅವರೇ’ ಹಚ್ಚಿದರೆ ಸರ್, ಮೇಡಂ ಎರಡರ ಹಂಗೂ ಇಲ್ಲ. ಕಿರಣ್ ಅವರೇ ಎಂದಾಗ ಕಿರಣ್ ಯಾರಾದರೂ ಆಗಿರಬಹುದು.

ಆದರೂ ಕನ್ನಡದ ಗುಂಪುಗಳಲ್ಲಿ ತಪ್ಪುಗಳು ಆಗುತ್ತಲೇ ಇರುತ್ತವೆ. ಉಪಕರಣ ಚೆನ್ನಾಗಿದ್ದರೂ ಹಿಡಿಯುವ ರೀತಿ ತಪ್ಪುತ್ತದೆ.

ಸಲುಗೆಯಲ್ಲಿ ಮೊದಲು ಜಾರುತ್ತೇವೆ. ‘ಬಾರೋ’, ‘ಬಾರೇ’, ‘ಹೌದು ಕಣೋ’, ‘ಹೌದು ಕಣೇ’ ಇವು ಮರಾಠಿಯ ‘ಅರೇ’, ‘ಅಗಂ’ ಇದ್ದ ಹಾಗೆ, ಯೋಚಿಸುವ ಮೊದಲೇ ಬಾಯಿಗೆ ಬರುತ್ತವೆ. ಸರ್ವನಾಮವನ್ನು ಎಚ್ಚರದಿಂದ ಬಳಸುವವರೂ ಇಲ್ಲಿ ಎಡವುತ್ತಾರೆ. ಆಗ ಉದ್ದುದ್ದ ಕ್ಷಮಾಪಣೆ ಬರೆದು ಎಲ್ಲರ ಕಣ್ಣೂ ಆ ವ್ಯಕ್ತಿಯತ್ತ ತಿರುಗುವ ಹಾಗೆ ಮಾಡಬೇಡಿ. ಸಂದೇಶವನ್ನು ತಿದ್ದಿ ಮುಂದಕ್ಕೆ ಹೋಗುವುದು ಲೇಸು.

ಎರಡನೆಯದು ಸೂಕ್ಷ್ಮ. ಗುಂಪಿನಲ್ಲಿ ಎಲ್ಲರೂ ಒಬ್ಬರಿಗೊಬ್ಬರು ‘ಅವ್ನು ಹೇಳ್ದ’, ‘ಅವ್ಳು ಹೇಳಿದ್ಲು’ ಅನ್ನುತ್ತ, ಒಬ್ಬರಿಗೆ ಮಾತ್ರ ‘ಅವರು ಹೇಳಿದ್ರು’ ಅಂದರೆ ಅದು ಮರ್ಯಾದೆಯಲ್ಲ, ಬೇಲಿ. ‘ರು’ ಬಳಸುವುದಾದರೆ ಗುಂಪಿನ ಬರಹದಲ್ಲಿ ಎಲ್ಲರಿಗೂ ಬಳಸಬೇಕು. ತನ್ನನ್ನು ‘ಅವಳು’ ಅನ್ನಿ ಎಂದು ಟ್ರಾನ್ಸ್ ಮಹಿಳೆ ಕೇಳಿಕೊಂಡಿದ್ದರೆ, ‘ಅವರು’ ಎಂದು ನುಣುಚಿಕೊಳ್ಳುವುದೂ ಒಂದು ನಿರಾಕರಣೆಯೇ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ, 2021ರಲ್ಲಿ ಪದ್ಮಶ್ರೀ ಪಡೆದ ಟ್ರಾನ್ಸ್ ಕಲಾವಿದೆ ಮಂಜಮ್ಮ ಜೋಗತಿ ಅವರ ಹೆಸರಿನಲ್ಲೇ ‘ಅಮ್ಮ’ ಇದೆ, ‘ಜೋಗತಿ’ ಎಂಬ ಹೆಣ್ಣುರೂಪವೂ ಇದೆ. ‘ಅವರು’ ಅನ್ನುವುದು ಅದರ ಜೊತೆಗೆ ಬರಬೇಕು, ಅದರ ಬದಲಿಗಲ್ಲ.

‘ಅದು’, ‘ಬಂತು’ ಮಾತ್ರ ಬೇಡವೇ ಬೇಡ. ‘ಮಗು ಬಂತು’ ಅನ್ನುವುದು ಅಕ್ಕರೆ, ಕೆಲವು ಕಡೆ ‘ಹುಡುಗಿ ಬಂತು’ ಅನ್ನುವುದೂ ರೂಢಿ. ಆದರೆ ಲಿಂಗತ್ವ ಅಲ್ಪಸಂಖ್ಯಾತರನ್ನು ಹೀಗಳೆಯಲು ಇದೇ ರೂಪ ಬಳಕೆಯಾಗಿ ಗಾಯ ಮಾಡಿದೆ. ವ್ಯಾಕರಣದ ‘ನಪುಂಸಕ’ ಎಂಬ ಪದಕ್ಕೂ ಇದೇ ಗತಿ. ಅದು ಪಠ್ಯಪುಸ್ತಕದಲ್ಲೇ ಇರಲಿ.

ಬರೆಯುವಾಗ ಹೊಂದಾಣಿಕೆ ತಪ್ಪದಿರಲಿ. ‘ಅವರು’ ಎಂದು ಶುರುಮಾಡಿದ ವಾಕ್ಯ ‘ತನ್ನ ಕ್ಯಾಮೆರಾ ತಂದಳು’ ಎಂದು ಮುಗಿದರೆ ಗುಟ್ಟು ಅಲ್ಲೇ ಒಡೆಯಿತು. ‘ಅವರು ತಮ್ಮ ಕ್ಯಾಮೆರಾ ತಂದರು’ ಎಂದು ಕೊನೆಯವರೆಗೂ ಬಹುವಚನ ನಡೆಯಬೇಕು. ಇದರಿಂದ ಲೆಕ್ಕ ತಪ್ಪುವುದೂ ಉಂಟು: ‘ಅವರು ಬರ್ತಾರೆ’ ಅಂದರೆ ಜೀಪಿನಲ್ಲಿ ಒಂದು ಸೀಟೋ ನಾಲ್ಕೋ? ‘ಅವರೊಬ್ಬರೇ’, ‘ಅವರಿಬ್ಬರು’ ಎಂದು ಎಣಿಕೆ ಸೇರಿಸಿ ಬರೆಯಿರಿ.

ಭಾಷೆಯ ಆಚೆಗೆ ಕನ್ನಡ ಗುಂಪು, ಮರಾಠಿ ಗುಂಪು ಎರಡೂ ಒಂದೇ ತಪ್ಪು ಮಾಡುತ್ತವೆ. ಹಕ್ಕಿ ನೋಡುವ ಗುಂಪಾಗಲಿ, ತಾರಸಿ ತೋಟದ ಗುಂಪಾಗಲಿ, ಸೇರುವ ಫಾರ್ಮಿನಲ್ಲಿ ಹೆಸರಿನ ಕೆಳಗೆ ‘ಲಿಂಗ’ ಎಂಬ ಖಾನೆ ಕೂತಿರುತ್ತದೆ. ಯಾಕೆ ಎಂದು ಕೇಳಿದರೆ ಉತ್ತರವಿಲ್ಲ. ಮಂಗಟ್ಟೆಯ ಪಟ್ಟಿ ಮಾಡಲು ಅದು ಬೇಡ. ಚಾರಣಕ್ಕೆ ನಿಜವಾಗಿ ಬೇಕಾದವು ಗುಂಪಿನಲ್ಲಿ ಕರೆಯಬೇಕಾದ ಹೆಸರು, ತುರ್ತಿಗೆ ಒಂದು ಫೋನ್ ಸಂಖ್ಯೆ, ರಕ್ತದ ಗುಂಪು, ಔಷಧಿ ಏನಾದರೂ ಇದ್ದರೆ ಅದು. ಟೆಂಟ್ ಹಂಚುವ ಚಿಂತೆಯಿದ್ದರೆ ಅದನ್ನೇ ಕೇಳಿ: ‘ಯಾರ ಜೊತೆ ಟೆಂಟ್ ಹಂಚಿಕೊಳ್ಳಲು ನಿಮಗೆ ಒಪ್ಪಿಗೆ?’ ಲಿಂಗ ಕೇಳಿ ಊಹಿಸುವುದಕ್ಕಿಂತ ಇದು ಎಲ್ಲರಿಗೂ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ಹೆಚ್ಚು ಸುರಕ್ಷಿತ.

ರೈಲು ಟಿಕೆಟಿನ ಮಾತು ಬೇರೆ. ಅಲ್ಲಿ ಗಂಡು, ಹೆಣ್ಣು, ಟ್ರಾನ್ಸ್‌ಜೆಂಡರ್ ಎಂಬ ಆಯ್ಕೆಗಳಿವೆ, ವಿವರ ಗುರುತಿನ ಚೀಟಿಗೆ ಹೊಂದಬೇಕು. ಹಾಗಾಗಿ ಈ ವಿವರವನ್ನು ಟಿಕೆಟ್ ಮಾಡುವ ಒಬ್ಬರು ಖಾಸಗಿಯಾಗಿ ಕೇಳಿ ಪಡೆಯಲಿ, ಪ್ರಯಾಣ ಮುಗಿದ ಮೇಲೆ ಅಳಿಸಲಿ. ಎಲ್ಲರೂ ತೆರೆಯಬಹುದಾದ ಹಂಚಿಕೆಯ ಶೀಟಿನಲ್ಲಿ ಅದು ಇರಕೂಡದು.

ಹೆಸರು ಬದಲಿಸಿಕೊಂಡವರ ಹಳೆಯ ಹೆಸರು ಹೊರಬೀಳುವ ದಾರಿಗಳೂ ಇವೆ, ಯಾರೂ ಬೇಕೆಂದು ಮಾಡಿದ್ದಲ್ಲ. ವಾಟ್ಸಾಪ್ ತೋರಿಸುವುದು ನಿಮ್ಮ ಫೋನಿನಲ್ಲಿ ನೀವು ಉಳಿಸಿದ ಹೆಸರನ್ನು. ಆ ವ್ಯಕ್ತಿ ಹೆಸರು ಬದಲಿಸಿಕೊಂಡು ವರ್ಷವಾಗಿದ್ದರೂ ನಿಮ್ಮ ಕಾಂಟ್ಯಾಕ್ಟ್ ಪಟ್ಟಿಯಲ್ಲಿ ಹಳೆಯದೇ ಇದ್ದರೆ, ನೀವು ಕಳಿಸುವ ಸ್ಕ್ರೀನ್‌ಶಾಟ್‌ನಲ್ಲಿ ಅದೇ ಮೂಡುತ್ತದೆ. ಹೊಸ ಹೆಸರು ತಿಳಿದ ದಿನವೇ ಕಾಂಟ್ಯಾಕ್ಟ್ ತಿದ್ದಿಬಿಡಿ. ಯುಪಿಐನಲ್ಲಿ ಹಣ ಕೊಡುವಾಗ ಮತ್ತು ಪಡೆಯುವಾಗ ಬ್ಯಾಂಕಿನ ದಾಖಲೆಯ ಹೆಸರು ಕಾಣಬಹುದು, ಅದು ಬದಲಾಗಲು ಬಹಳ ದಿನ ಹಿಡಿಯಬಹುದು. ಚಾರಣದ ಹಣ ಸಂಗ್ರಹಿಸುವವರು ಆ ಹೆಸರನ್ನು ನೋಡಿ ‘ಹಣ ಕೊಟ್ಟವರು’ ಎಂದು ಪಟ್ಟಿ ಮಾಡಿ ಗುಂಪಿಗೆ ಹಾಕಿದರೆ ಅಷ್ಟು ದಿನದ ಎಚ್ಚರವೆಲ್ಲ ಹೊಳೆಗೆ ಸುರಿದಂತೆ. ಪಟ್ಟಿಯನ್ನು ಗುಂಪಿನ ಹೆಸರುಗಳಿಂದಲೇ ಮಾಡಿ, ಹಣ ಬಂದ ಹಾಗೆ ಪ್ರತಿ ಹೆಸರಿನ ಮುಂದೆ ಒಂದು ಗುರುತು ಹಾಕಿದರೆ ಸಾಕು.