ಇಪ್ಪತ್ತಹತ್ತು

ನಮ್ಮ ಪುಟ್ಟನ ಯುಕೆಜಿ ಮಿಸ್‌ಗೆ ಒಂದು ಅಭ್ಯಾಸ. ದಿನಾ ರಾತ್ರಿ ಸರಿಯಾಗಿ ಎಂಟೂವರೆಗೆ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮೆಸೇಜು ಹಾಕುತ್ತಾರೆ. ಮೊನ್ನೆಯದು: "ನಾಳೆ ಮಕ್ಕಳು 30 ಕಾಳು ಎಣಿಸಿ, ಶೀಟಿಗೆ ಅಂಟಿಸಿ ತರಬೇಕು." ಕೆಳಗೆ ನಗುವ ಮುಖ ಬೇರೆ. ಅಮ್ಮಂದಿರೆಲ್ಲ ಸಾಲಾಗಿ "ಓಕೆ ಮ್ಯಾಮ್" ಎಂದರು. ನಾನೂ ಎಂದೆ. ಅಷ್ಟರಲ್ಲಿ ಒಗ್ಗರಣೆ ಸೀದಿತ್ತು.

ಒಣ ಅವರೆಕಾಳು ಸಿಕ್ಕಿತು. ಫೆವಿಕಾಲ್ ಮಾತ್ರ ತನ್ನ ಮುಚ್ಚಳವನ್ನೇ ಅಂಟಿಸಿಕೊಂಡು ಕೂತಿತ್ತು. ಸರಿ, ಅನ್ನದ ಅಗುಳೇ ಗತಿ.

ಪುಟ್ಟ ಎಣಿಸಲು ಕೂತ. ಇಪ್ಪತ್ತೇಳು, ಇಪ್ಪತ್ತೆಂಟು, ಇಪ್ಪತ್ತೊಂಬತ್ತು... ಒಂದು ಕ್ಷಣ ನಿಂತ. ಆಮೇಲೆ ಜೋರಾಗಿ, "ಇಪ್ಪತ್ತಹತ್ತು!"

"ಅಲ್ಲ ಪುಟ್ಟಾ, ಮೂವತ್ತು."

"ಒಂಬತ್ತಾದ ಮೇಲೆ ಹತ್ತು ಅಂತ ನೀನೇ ಹೇಳಿದ್ದೆ. ಇಪ್ಪತ್ತೊಂಬತ್ತಾದ ಮೇಲೆ ಇಪ್ಪತ್ತಹತ್ತು. ಇಪ್ಪತ್ತಹನ್ನೊಂದು..."

"ಮೂರು ಹತ್ತು ಸೇರಿದರೆ ಮೂವತ್ತು ಕಣೋ."

"ಹಾಗಾದ್ರೆ ತೊಂಬತ್ತು ಅಂದ್ರೆ ತೊಂ ಹತ್ತಾ?"

ನಾನು ಬಾಯಿ ಮುಚ್ಚಿಕೊಂಡೆ. ಸೋಫಾ ಮೇಲೆ ಮಲಗಿ ಮೊಬೈಲ್ ನೋಡುತ್ತಿದ್ದ ನಮ್ಮನೆಯವರು, "ಲಾಜಿಕ್ ಸರಿಯಾಗೇ ಇದೆ ಅಲ್ವಾ" ಎಂದರು. ಕೈಯಲ್ಲಿ ಅನ್ನ ಮೆತ್ತಿಕೊಂಡಿರದಿದ್ದರೆ ಅವತ್ತು ಏನಾಗುತ್ತಿತ್ತೋ.

ಓದಿನಲ್ಲೂ ಇದೇ ಕಥೆ. ಕನ್ನಡಕ್ಕೆ 49 ಅಕ್ಷರ, ಗೋಡೆಯ ಚಾರ್ಟಿನಲ್ಲಿ ಒಂದೊಂದಕ್ಕೂ ಒಂದು ಚಿತ್ರ. ಅ ಅರಸ, ಆ ಆನೆ, ಎಲ್ಲ ಸಲೀಸು. ಣ ಹತ್ತಿರ ಬಂದರೆ ಬಾಣದ ಚಿತ್ರ. "ಬಾಣ ಬ ಇಂದ ಅಲ್ವಾ ಅಮ್ಮಾ?" ಹೌದಪ್ಪಾ. ಣ ಇಂದ ಶುರುವಾಗುವ ಪದ ನನಗೂ ಗೊತ್ತಿಲ್ಲ. ಙ ಬಂದಾಗ ನಾನೇ ಎದ್ದು ಹಾಲು ಕಾಯಿಸಲು ಹೋದೆ.

ಓದು, ಲೆಕ್ಕದ ಬುನಾದಿ ಗಟ್ಟಿಯಾಗಲಿ ಅಂತ 2021ರಲ್ಲಿ ಕೇಂದ್ರ ಸರ್ಕಾರ ನಿಪುಣ್ ಭಾರತ್ ಶುರು ಮಾಡಿತು. ಅದರಲ್ಲೂ ಆಗ ಮೂರನೇ ತರಗತಿ ಮುಗಿಯುವವರೆಗೆ ಟೈಮ್ ಕೊಟ್ಟಿದ್ದರು. ನಮ್ಮ ಮಿಸ್ ಕೊಡುವುದು ನಾಳೆ ಬೆಳಗಿನ ವ್ಯಾನ್ ಬರುವವರೆಗೆ.

ನಮ್ಮಜ್ಜಿ ಸ್ಕೂಲಿನ ಮುಖ ನೋಡಿದವರಲ್ಲ, ಹೆಬ್ಬೆಟ್ಟು. ಆದರೆ ಅಳಗುಳಿಮಣೆ ಮುಂದೆ ಕೂತರೆ ಅವರ ಲೆಕ್ಕ ತಪ್ಪಿದ್ದು ನಾನು ನೋಡಿಲ್ಲ. 14 ಗುಳಿ, ಗುಳಿಗೆ ನಾಲ್ಕು ಹುಣಸೆ ಬೀಜ. ಸೋಲ್ತೀನಿ ಅನ್ನಿಸಿದಾಗ ನಾನು ಮೆಲ್ಲಗೆ ಒಂದು ಬೀಜ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಅಜ್ಜಿ ತಲೆ ಕೂಡ ಎತ್ತದೆ, "ಉಗುಳೇ" ಎನ್ನುತ್ತಿದ್ದರು. ನಾನು ಎಣಿಸಲು ಕಲಿತದ್ದು ಹಾಗೆ. ಆ ಮಣೆ ಈಗ ಊರಲ್ಲಿ ಯಾರ ಅಟ್ಟದ ಮೇಲಿದೆಯೋ.

ಪುಟ್ಟ ಹನ್ನೊಂದು ಕಾಳು ಅಂಟಿಸಿ, ಹನ್ನೆರಡನೆಯದನ್ನು ಮುಷ್ಟಿಯಲ್ಲಿಟ್ಟುಕೊಂಡೇ ನಿದ್ದೆ ಹೋದ. ಉಳಿದದ್ದು ನಾನೇ ಅಂಟಿಸಿದೆ, ಸಾಲು ಚೆನ್ನಾಗಿ ಬರಲಿ ಅಂತ ಸ್ಕೇಲ್ ಇಟ್ಟು.

ಬೆಳಗ್ಗೆ ವ್ಯಾನಿನ ಹಾರ್ನ್ ಕೇಳಿತು. ಪುಟ್ಟ ಶೀಟು ಎತ್ತಿದ. ಒಣಗಿದ ಅಗುಳು ಟಪಟಪ ಉದುರಿತು. ಬೆರಳಿಟ್ಟು ಒಂದೂ ತಪ್ಪಿಲ್ಲದೆ ಎಣಿಸಿ ಹೇಳಿದ: "ಅಮ್ಮಾ, ಇಪ್ಪತ್ತೇಳೇ ಇದೆ." ಉದುರಿದ ಮೂರನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಶೀಟಿಗೆ ಪಿನ್ ಹೊಡೆದು ಕಳಿಸಿದೆ.

ಮಧ್ಯಾಹ್ನ ಶೀಟು ವಾಪಸು ಬಂತು. ಕೆಂಪು ಶಾಯಿಯಲ್ಲಿ: "ದಯವಿಟ್ಟು ಮಗುವಿನ ಕೈಯಲ್ಲೇ ಮಾಡಿಸಿ."

ಇವತ್ತು ಒಗ್ಗರಣೆ ಮೊದಲೇ ಮುಗಿಸಿ, ಫೋನ್ ಎದುರಿಗಿಟ್ಟುಕೊಂಡು ಕೂತಿದ್ದೇನೆ. ಈಗ ಗಂಟೆ ಎಂಟು ಇಪ್ಪತ್ತೊಂಬತ್ತು. ಮೆಸೇಜು ಬರುವುದು ಎಂಟು ಇಪ್ಪತ್ತಹತ್ತಕ್ಕೆ.